ಆಳಕ್ಕೊಂದು ಬೆಲೆ ಇರಲಿ

ನಿಮ್ಮ ಕಂಪ್ಯೂಟರ್ ಆಟದ ಯಕ್ಷರು ಹಾರೆ ಗುದ್ದಲಿ ಹಿಡಿದು ಅತಲದಿಂದ ಪಾತಾಳದವರೆಗೆ ಒಂದೇ ಉಸಿರಿಗೆ ಇಳಿದುಬಿಡುತ್ತಾರಲ್ಲ ಮಗು, ಮೊದಲು ಅದನ್ನು ನಿಲ್ಲಿಸು. ಐರೋಲಿಯ ಆಫೀಸು ಮುಗಿಸಿ ಬರುವ ನೀನು, ಕಲ್ಯಾಣದ ನಿನ್ನ ಗೆಳೆಯ, ಥಾಣೆಯಿಂದ ಬರುವ ಆ ಚಿತ್ರ ಬರೆಯುವ ಹುಡುಗಿ, ಮೂವರೂ ಡೊಂಬಿವಲಿಯ ನಮ್ಮ ನಡುಮನೆಯಲ್ಲಿ ಕೂತು ಕಟ್ಟುತ್ತಿರುವ ಲೋಕ ನನಗೆ ಬಹಳ ಹಿಡಿಸಿದೆ. ಏಳು ತಲಗಳಿಗೂ ನಮ್ಮ ಪುರಾಣದ ಹೆಸರೇ ಇಟ್ಟಿದ್ದೀರಿ, ನಾಗರನ್ನೂ ಕುಬೇರನ ಭಂಡಾರವನ್ನೂ ತಂದಿದ್ದೀರಿ. ಯಕ್ಷಲೋಕವಾದರೇನು, ಬಂಡೆ ಬಂಡೆಯೇ. ಕೋಲಾರದ ಚಿನ್ನದ ಗಣಿಯ ಸರ್ವೆ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಕೆಳಗೆ ಪ್ರತಿ ನೂರು ಅಡಿಗೂ ಮೇಲಿನಿಂದ ಏನನ್ನಾದರೂ ತೆತ್ತೇ ಇಳಿಯಬೇಕು ಎನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಸೌದೆ, ಹಗ್ಗ, ಗಾಳಿ, ವಿದ್ಯುತ್ತು, ಕೆಲವೊಮ್ಮೆ ಮನುಷ್ಯರು. ಈ ಲೆಕ್ಕ ನಿಮ್ಮ ಆಟದಲ್ಲಿ ಬರಲಿ ಎಂಬುದೇ ನನ್ನ ಆಸೆ.

ಗಣಿ ತೋಡುವ ಆಟಗಳಲ್ಲಿ ದೊಡ್ಡದು ಎಂದು ನೀನು ತೋರಿಸಿದ ಡ್ವಾರ್ಫ್ ಫೋರ್ಟ್ರೆಸ್ಸನ್ನು ನೋಡಿದೆ. ಆಡಮ್ಸ್ ಸಹೋದರರು 2006ರಲ್ಲಿ ಹೊರತಂದ ಆ ಆಟದಲ್ಲಿ ಕಲ್ಲಿನ ಪದರಗಳ ಜ್ಞಾನ ನಿಜಕ್ಕೂ ಇದೆ. ಯಾವ ಕಲ್ಲಿನಲ್ಲಿ ಯಾವ ಅದಿರು ಎಂಬುದನ್ನು ಓದಿಕೊಂಡು ಮಾಡಿದ್ದಾರೆ. ಅಂತರ್ಜಲದ ಪದರಕ್ಕೆ ಕೈಹಾಕಿದರೆ ನೀರು ನುಗ್ಗುತ್ತದೆ, ತೀರಾ ಕೆಳಗೆ ಕರಗಿದ ಶಿಲೆಯ ಕಡಲಿದೆ. ಆದರೆ ಅಲ್ಲಿನ ಕುಬ್ಜರಿಗೆ ಉಸಿರಾಡಲು ಗಾಳಿಯ ಚಿಂತೆಯಿಲ್ಲ, ಸುರಂಗಕ್ಕೆ ಆಧಾರದ ಕಂಬವೂ ಬೇಕಿಲ್ಲ. ಅವರು ಬಿಟ್ಟ ಆ ಜಾಗದಿಂದಲೇ ನೀವು ಶುರುಮಾಡಬಹುದು.

ಮೊದಲ ತಲಕ್ಕೆ ಹಟ್ಟಿಯನ್ನು ನೋಡು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮವರು 640 ಅಡಿ ಆಳಕ್ಕೆ ಇಳಿದಿದ್ದರು. ಮದ್ದಿಲ್ಲ, ಯಂತ್ರವಿಲ್ಲ. ಬಂಡೆಯ ಮುಖಕ್ಕೆ ಸೌದೆ ಒಟ್ಟಿ ಬೆಂಕಿ ಹಾಕುವುದು, ಕಾದ ಕಲ್ಲಿಗೆ ನೀರೆರಚುವುದು, ಬಿರುಕುಬಿಟ್ಟ ಚೂರುಗಳನ್ನು ಉಳಿಯಿಂದ ಎಬ್ಬಿಸುವುದು. ಇದನ್ನು ನಿಮ್ಮ ಆಟದಲ್ಲಿ ಇಟ್ಟು ನೋಡು, ಎಷ್ಟು ಚೆಂದದ ತೊಡಕುಗಳು ತಾವಾಗಿಯೇ ಹುಟ್ಟುತ್ತವೆ! ಬೆಂಕಿಗೆ ಕಾಡು ಕಡಿಯಬೇಕು. ಕಾಡು ದೂರ ಸರಿದಷ್ಟೂ ಸೌದೆಯ ಗಾಡಿಗೆ ಹೆಚ್ಚು ದಿನ ಬೇಕು. ಉರಿಯುವಾಗ ಹೊಗೆ ತುಂಬಿ ಒಳಗೆ ಯಾರೂ ಇರುವಂತಿಲ್ಲ, ಆದ್ದರಿಂದ ರಾತ್ರಿ ಬೆಂಕಿ, ಹಗಲು ಕೆಲಸ. ಹೊಗೆ ಹೋಗಲು ಇನ್ನೊಂದು ಬಾವಿ ತೋಡಲೇಬೇಕು. ಇಷ್ಟಾದರೂ ದಿನಕ್ಕೆ ಸರಿಯುವುದು ಗೇಣುಗಳ ಲೆಕ್ಕದಲ್ಲಿ. ಆಟಗಾರನಿಗೆ ಅವಸರವಾದರೆ ಕಪ್ಪತಗುಡ್ಡದ ಜಾಲಗಾರರಂತೆ ಹಳ್ಳದ ಮರಳು ಜಾಲಿಸಿ ಚೂರುಪಾರು ಚಿನ್ನ ತೆಗೆದುಕೊಳ್ಳಲಿ. ಅದೂ ಗೌರವದ ಕಸುಬೇ.

ಹಳಬರು ಬಿಟ್ಟುಹೋದ ಗುಂಡಿಗಳನ್ನು ನಕ್ಷೆಯಲ್ಲಿ ಮರೆಯಬೇಡ. ಕೋಲಾರದಲ್ಲಿ 1873ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಪರವಾನಗಿ ಕೇಳಿದ್ದೂ ಇಂಥ ಹಳೆಯ ಗುಂಡಿಗಳನ್ನು ನಂಬಿಯೇ. 1880ರ ದಶಕದಲ್ಲಿ ಅಲ್ಲಿ ಗಣಿ ತೋಡುತ್ತಿದ್ದ ಕಂಪನಿಯ ದುಡ್ಡು ಕರಗುತ್ತಾ ಬಂದಾಗ, ಪ್ರಾಚೀನರು ನಿಲ್ಲಿಸಿದ್ದ ತಳದಿಂದ ಇನ್ನೂ ಕೆಳಗೆ ಅಗೆದು ನೋಡಿದ್ದರಿಂದಲೇ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಹಳಬರು ಚಿನ್ನ ಮುಗಿದು ನಿಂತಿರಲಿಲ್ಲ, ಸಾಧನ ಸಾಲದೆ ನಿಂತಿದ್ದರು. ನಿಮ್ಮ ಲೋಕದಲ್ಲೂ ಪಾಳುಗುಂಡಿ ಕಂಡರೆ ಆಟಗಾರ ಕೇಳಬೇಕಾದ ಪ್ರಶ್ನೆ ಇದು: ಇವರು ಇಲ್ಲೇ ಯಾಕೆ ನಿಂತರು?

ಹೆಚ್ಚಿನ ಕಡೆ ಅದಕ್ಕೆ ಉತ್ತರ ನೀರು. ಎತ್ತು ಕಟ್ಟಿ ಕಪಿಲೆಯಲ್ಲಿ ಎತ್ತುವುದಕ್ಕೂ ಒಂದು ಮಿತಿಯಿದೆ. ನೀರನ್ನು ಮೇಲಿನಿಂದ ಹೀರುವ ಪಂಪು ಸುಮಾರು 10 ಮೀಟರಿಗಿಂತ ಹೆಚ್ಚು ಎತ್ತಲಾರದು, ಏಕೆಂದರೆ ನೀರನ್ನು ಕೊಳವೆಯೊಳಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಮಂತ್ರ ಹಾಕಿದರೂ ಆ ಲೆಕ್ಕ ಬದಲಾಗದು. ಅದಕ್ಕೇ ಯುರೋಪಿನವರು ಒಂದರ ಮೇಲೊಂದು ಪಂಪು ಕೂರಿಸಿ ಮೆಟ್ಟಿಲುಮೆಟ್ಟಿಲಾಗಿ ನೀರೆತ್ತಿದರು. ಅಗ್ರಿಕೋಲ ಎಂಬ ಜರ್ಮನ್ ವೈದ್ಯ ಬರೆದು 1556ರಲ್ಲಿ ಅಚ್ಚಾದ ಗಣಿಗಾರಿಕೆಯ ಗ್ರಂಥದಲ್ಲಿ ಆ ಚಕ್ರ, ತಿದಿ, ರಾಟೆಗಳ ಚಿತ್ರಗಳಿವೆ. ನಿಮ್ಮ ಚಿತ್ರಗಾರ್ತಿಗೆ ಅದನ್ನು ತೋರಿಸು, ವಾರಗಟ್ಟಲೆಯ ಕೆಲಸ ಹಗುರಾಗುತ್ತದೆ. ಉಗಿಯಂತ್ರ ಬರುವ ಮೊದಲು ಆಳಕ್ಕೆ ಹೋಗಿರಲೇ ಇಲ್ಲ ಎಂದುಕೊಳ್ಳಬೇಡ. ಆಸ್ಟ್ರಿಯದ ಕಿಟ್ಸ್‌ಬ್ಯೂಲ್ ಬಳಿ 16ನೇ ಶತಮಾನದಲ್ಲೇ ಒಂದು ಶಾಫ್ಟ್, ಅಂದರೆ ಗಣಿಬಾವಿ, ಸುಮಾರು 880 ಮೀಟರ್ ಇಳಿದಿತ್ತು. ಆದರೆ ಅದಕ್ಕೆ ಒಂದಿಡೀ ಊರು ದಶಕಗಳ ಕಾಲ ದುಡಿಯಿತು.

ಆಮೇಲೆ ಹಗ್ಗ. ಆಟ ಮಾಡುವವರು ಯಾರೂ ಇದನ್ನು ಯೋಚಿಸುವುದೇ ಇಲ್ಲ. ಮೀಟರಿಗೆ 5 ಕಿಲೋ ತೂಗುವ ಉಕ್ಕಿನ ಹಗ್ಗ 2 ಕಿ.ಮೀ. ಇಳಿಬಿಟ್ಟರೆ ಹಗ್ಗವೇ 10 ಟನ್ ಆಯಿತು. ಅದಿರಿಗಿಂತ ಹಗ್ಗದ ತೂಕ ಎತ್ತುವುದೇ ಹೆಚ್ಚು. ನಾರಿನ ಹಗ್ಗದ ಕಾಲದಲ್ಲಿ ಅಷ್ಟು ದೂರದ ಮಾತೇ ಇರಲಿಲ್ಲ, ಕಬ್ಬಿಣದ ತಂತಿ ಹೊಸೆದು ಹಗ್ಗ ಮಾಡಿದ್ದು 1834ರಲ್ಲಿ, ಜರ್ಮನಿಯ ಹಾರ್ಟ್ಸ್ ಗಣಿಗಳಲ್ಲಿ. ಅದರಿಂದಲೂ ಒಂದೇ ಎಳೆತಕ್ಕೆ ತಳ ಮುಟ್ಟಲಾಗದಿದ್ದರೆ ನೆಲದಡಿಯಲ್ಲೇ ಹಗ್ಗ ಸುತ್ತುವ ಇನ್ನೊಂದು ವೈಂಡರ್ ಕೂರಿಸಿ, ಅಲ್ಲಿಂದ ಇನ್ನೊಂದು ಶಾಫ್ಟ್ ಇಳಿಸಬೇಕು. ನಮ್ಮ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿನ ಲೆವೆಲ್‌ಗಳಿಗೆ ಹೋಗುವವರು ಒಂದು ಕೇಜ್ ಇಳಿದು, ನಡೆದು, ಇನ್ನೊಂದು ಕೇಜ್ ಹತ್ತುತ್ತಿದ್ದರು. ಕೆಲಸ ಮಾಡುವ ಜಾಗ ತಲುಪುವುದರಲ್ಲೇ ಪಾಳಿಯ ಒಂದು ಪಾಲು ಕಳೆದುಹೋಗುತ್ತಿತ್ತು. ನಿಮ್ಮ ಯಕ್ಷನಿಗೂ ಹಾಗೇ ಆಗಲಿ. ರಸಾತಲದಲ್ಲಿ ಕೆಲಸವಿದ್ದರೆ ಅವನ ದಿನದ ಅರ್ಧ ದಾರಿಗೇ ಹೋಗಲಿ.

ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿ.ಮೀ. ಆಳ ಮುಟ್ಟಿತ್ತು, ನೂರಕ್ಕೂ ಹೆಚ್ಚು ಲೆವೆಲ್. ತಳದಲ್ಲಿ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಅಂಗೈ ಇಟ್ಟರೆ ತಟ್ಟನೆ ಹಿಂದೆಳೆಯಬೇಕು. ಮೇಲಿನಿಂದ ತಂಪು ಗಾಳಿ ಊದಿದರಾಯಿತಲ್ಲ ಎನ್ನುತ್ತೀಯ. ಗಾಳಿ ಕೆಳಗಿಳಿಯುತ್ತಾ ತನ್ನ ಭಾರಕ್ಕೇ ಒತ್ತಿಕೊಂಡು ಬಿಸಿಯಾಗುತ್ತದೆ, ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಬಂಡೆಯನ್ನು ಮುಟ್ಟುವ ಮೊದಲೇ ಅದು ಕಾದ ಗಾಳಿ. ಅದಕ್ಕೇ 1930ರ ದಶಕದಲ್ಲೇ ಕೋಲಾರದಲ್ಲಿ ಗಾಳಿ ತಂಪುಮಾಡುವ ದೊಡ್ಡ ಸ್ಥಾವರ ಹಾಕಿದರು. ಊರಿನ ಎಷ್ಟೋ ಮನೆಗಳಲ್ಲಿ ಫ್ಯಾನ್ ಇಲ್ಲದ ಕಾಲದಲ್ಲಿ!

ಮಾಂತ್ರಿಕತೆ ಬೇಡ ಎನ್ನುತ್ತಿಲ್ಲ ನಾನು. ಅದು ಎಲ್ಲಿ ಬರಬೇಕು ಎಂಬುದನ್ನು ಹೇಳುತ್ತಿದ್ದೇನೆ. ಬಿಸಿಯನ್ನು ನುಂಗುವ ಮಣಿಯೊಂದು ನಾಗರ ಹತ್ತಿರ ಇದೆ ಎನ್ನು, ಒಪ್ಪುತ್ತೇನೆ. ಆದರೆ ನುಂಗಿದ ಬಿಸಿ ಎಲ್ಲಿಗೆ ಹೋಯಿತು? ಮಣಿಯನ್ನು ಮೇಲೆ ತಂದು ಕೆರೆಯಲ್ಲಿ ಅದ್ದಬೇಕೆ? ಆಗ ಕೆರೆಯ ಮೀನಿನ ಗತಿಯೇನು, ಊರಿನವರ ತಕರಾರೇನು? ಒಂದು ಮಾಟವನ್ನು ಹೀಗೆ ಕೊನೆಯವರೆಗೂ ಲೆಕ್ಕ ಹಾಕಿದರೆ ಹತ್ತು ಕಥೆ ಹುಟ್ಟುತ್ತವೆ. ಲೆಕ್ಕ ಹಾಕದ ಮಾಟಕ್ಕೆ ಆಟಗಾರ ಒಂದೇ ದಿನಕ್ಕೆ ಬೇಸರಪಡುತ್ತಾನೆ.

ಇನ್ನು ಬಂಡೆಯ ಭಾರ. ನಿಮ್ಮ ಕಡೆಯ ಪಾರ್ಸಿಕ್ ಗುಡ್ಡವನ್ನೇ ತೆಗೆದುಕೋ. ಅದರ ಹೊಟ್ಟೆ ಕೊರೆದು 1916ರಲ್ಲಿ ರೈಲು ಬಿಟ್ಟ ಸುರಂಗದ ಉದ್ದ 1.3 ಕಿ.ಮೀ. ಎಷ್ಟೋ ವರ್ಷ ಡೊಂಬಿವಲಿಯ ಫಾಸ್ಟ್ ಲೋಕಲ್‌ಗಳು ಅದರೊಳಗೇ ಹಾದುಹೋದವು, ಕಿವಿ ತುಂಬುವ ಆ ಸದ್ದು ನಿನಗೂ ನೆನಪಿದೆ. ಈಗ ಅದೇ ಗುಡ್ಡದ ಕೆಳಗೆ ಶಿಳ್‌ಫಾಟಾ ಹತ್ತಿರ ಬುಲೆಟ್ ರೈಲಿನ ಸುರಂಗ 114 ಮೀಟರ್ ಆಳದಲ್ಲಿ ಬರುತ್ತಿದೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಿಂದ ಒಟ್ಟು 21 ಕಿ.ಮೀ., ಅದರಲ್ಲಿ 7 ಕಿ.ಮೀ. ಥಾಣೆ ಖಾರಿಯ ಅಡಿಯಲ್ಲಿ. ಅದರ ಒಂದು ಭಾಗಕ್ಕೆ 13 ಮೀಟರಿಗೂ ಮೀರಿದ ವ್ಯಾಸದ ಕೊರೆಯುವ ಯಂತ್ರ ಬೇಕು, ಘನಸೋಲಿಯಿಂದ ಶಿಳ್‌ಫಾಟಾ ಕಡೆಯ ಭಾಗವನ್ನು ಮದ್ದು ಸಿಡಿಸಿ, ಒಡನೆಯೇ ಕಾಂಕ್ರೀಟು ಎರಚಿ, ಬೋಲ್ಟ್ ಹೊಡೆದು ಮಾಡಿದ್ದಾರೆ. ದೊಡ್ಡ ಕೆಲಸ, ಕೈಮುಗಿಯಬೇಕಾದ ಕೆಲಸ. ಆದರೂ ಆಳ 114 ಮೀಟರ್. 1 ಕಿ.ಮೀ. ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 2,700 ಟನ್ ಬಂಡೆ ಕೂತಿರುತ್ತದೆ, 3 ಕಿ.ಮೀ.ಗೆ 8,000 ಟನ್ ದಾಟುತ್ತದೆ. ಅಲ್ಲಿ ಕಲ್ಲು ಸುಮ್ಮನೆ ಕುಸಿಯುವುದಿಲ್ಲ, ಸಿಡಿಯುತ್ತದೆ. ರಾಕ್ ಬರ್ಸ್ಟ್ ಅನ್ನುತ್ತಿದ್ದೆವು.

ಅದರ ಮುನ್ಸೂಚನೆಯನ್ನು ನಿನಗೆ ಹೇಳಬೇಕು. ಅದಿರು ತೆಗೆಯುವ ಜಾಗವಾದ ಸ್ಟೋಪಿನಲ್ಲಿ ಡ್ರಿಲ್ಲು ನಿಂತ ಕೂಡಲೇ ಹಳಬರು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಮರದ ಆಧಾರಕಂಬ ಕಿರಗುಟ್ಟುತ್ತಿತ್ತು, ಗೋಡೆಯಿಂದ ಬೆರಳುಗುರಿನಷ್ಟು ಚಕ್ಕೆ ಟಪ್ಪೆಂದು ಹಾರುತ್ತಿತ್ತು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಎರಡರ ನಡುವಿನ ಹೊತ್ತು ಕಡಿಮೆಯಾಗುತ್ತಾ ಬಂದರೆ ಸಾಮಾನು ಅಲ್ಲೇ ಬಿಟ್ಟು ಹೊರಡುತ್ತಿದ್ದರು. ಮರ ಸಾಲದೆಂದು ಗ್ರಾನೈಟಿನ ಗೋಡೆ ಕಟ್ಟಿ ಅದಿರು ತೆಗೆದ ಖಾಲಿ ಜಾಗಕ್ಕೆ ಆಧಾರ ಕೊಟ್ಟರು. ಆದರೂ ದೊಡ್ಡದು ಸಿಡಿದರೆ ಮೇಲಿನ ಊರಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು, ಹೆಂಗಸರು ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುತ್ತಿದ್ದರು. ನಿಮ್ಮ ಆಟದಲ್ಲಿ ಇದಕ್ಕೆ ಕೆಂಪು ದೀಪ, ಎಚ್ಚರಿಕೆಯ ಫಲಕ ಹಾಕಬೇಡಿ. ಸದ್ದೊಂದೇ ಸಾಕು. ಕಿವಿಗೊಟ್ಟವನ ಯಕ್ಷ ಬದುಕಲಿ.

ಆಟದ ಕೀಲಿ ಎಲ್ಲವನ್ನೂ ಕೆಳಗೇ ಇಡಬೇಡ. ಕೋಲಾರದ ಆಳದ ಕೀಲಿ ಇದ್ದದ್ದು ಶಿವನಸಮುದ್ರದಲ್ಲಿ. 1902ರಲ್ಲಿ ಕಾವೇರಿಯ ಜಲಪಾತದಿಂದ 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ತು ತಂದರು, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೇ ಬೆಳಕು ಬಂದದ್ದು ಅದರ ಆಮೇಲೆ. ನಿಮ್ಮ ಆಟಗಾರ ತಲಾತಲದಲ್ಲಿ ಸಿಕ್ಕಿಬಿದ್ದು ಉಪಾಯ ಕಾಣದೆ ಕೂತಾಗ, ದಾರಿ ಮೇಲೆ ಎಲ್ಲೋ ದೂರದ ನದಿಯಲ್ಲಿ ಸಿಗಲಿ.

ಮತ್ತೆ ಪಾತಾಳದಲ್ಲಿ ಏನಿಡುವುದು ಎಂದು ಕೇಳಿದೆಯಲ್ಲ. ರಾಕ್ಷಸರನ್ನು ಎಲ್ಲರೂ ಇಡುತ್ತಾರೆ. ಕೋಲಾರದ ಆಳದಲ್ಲಿ ನಿಜವಾಗಿ ಸಿಕ್ಕಿದ್ದು ಅದಕ್ಕಿಂತ ಸೋಜಿಗದ್ದು. ಆಕಾಶದಿಂದ ಎಡೆಬಿಡದೆ ಸುರಿಯುವ ಕಣಗಳ ಗದ್ದಲ ನೆಲದ ಮೇಲೆ ಹೆಚ್ಚು. ಬಂಡೆಯ ಅಡಿಗೆ ಹೋದಷ್ಟೂ ಅದು ಸೋಸಿಹೋಗುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದಲೇ ನಮ್ಮ ಗಣಿಗೆ ಬಂದು ಅಳೆಯುತ್ತಿದ್ದರು. ಅವರಲ್ಲಿ ಮುಖ್ಯರಾದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು, ಮುಂದೆ ಆ ಸಂಸ್ಥೆಗೇ ನಿರ್ದೇಶಕರಾದರು. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ಜಪಾನು ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಭೂಮಿಯನ್ನೇ ತೂರಿಕೊಂಡು ಹೋಗಬಲ್ಲ ಕಣ ಅದು. ಪಾತಾಳಕ್ಕೆ ಇಳಿದ ಯಕ್ಷ ಅಲ್ಲಿ ಆಕಾಶವನ್ನು ಕಾಣಲಿ ಎಂದು ಬರೆದರೆ ಯಾರೂ ಅದನ್ನು ಕಟ್ಟುಕತೆ ಎನ್ನಲಾರರು.

ಇನ್ನು ಜನರ ವಿಷಯ. ನಿಮ್ಮ ಪರದೆಯ ಮೂಲೆಯಲ್ಲಿ ಕೆಲಸಗಾರರ ಸಂಖ್ಯೆ ಮಾತ್ರ ತೋರುತ್ತದೆ, ಅದು ನನಗೆ ಸರಿಬರಲಿಲ್ಲ. ಗಣಿಯಲ್ಲಿ ಇಳಿಯುವವನು ಬಿಲ್ಲೆ ಪಡೆದು ಇಳಿಯುತ್ತಾನೆ, ಹತ್ತಿಬಂದು ಮೊಳೆಗೆ ಸಿಕ್ಕಿಸುತ್ತಾನೆ. ಪಾಳಿ ಮುಗಿದ ಮೇಲೂ ಮೊಳೆ ಖಾಲಿಯಿದ್ದರೆ ಒಬ್ಬ ಕೆಳಗಿದ್ದಾನೆ ಎಂದರ್ಥ. ಸಂಖ್ಯೆಯ ಬದಲು ಆ ಹಲಗೆಯನ್ನು ಇಡು, ಪ್ರತಿ ಬಿಲ್ಲೆಗೂ ಒಂದು ಹೆಸರಿಡು. ಖಾಲಿ ಮೊಳೆ ಕಂಡೂ ಮುಂದಿನ ಪಾಳಿ ಇಳಿಸುವುದೋ ಹುಡುಕಲು ಹೋಗುವುದೋ ಆಟಗಾರ ತೀರ್ಮಾನಿಸಲಿ.

ಗಣಿ ಮುಚ್ಚುವುದಕ್ಕೂ ಆಟದಲ್ಲಿ ಜಾಗವಿರಲಿ. ಕೋಲಾರದ ಗಣಿಯನ್ನು 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಪಂಪು ನಿಂತಮೇಲೆ ನೀರು ಏರುತ್ತಾ ಬಂತು. ಚಿನ್ನ ತೆಗೆದು ಬಿಟ್ಟ ಪುಡಿಗಲ್ಲಿನ ಸೈನೈಡ್ ದಿಬ್ಬಗಳ ಧೂಳು ಗಾಳಿ ಬೀಸಿದಾಗಲೆಲ್ಲ ಇಂದಿಗೂ ಊರಿನ ಮೇಲೆ ಬರುತ್ತದೆ. ನಿಮ್ಮ ಯಕ್ಷರು ಗೆದ್ದ ಮೇಲೆ ಆ ದಿಬ್ಬ ಎಲ್ಲಿಗೆ ಹೋಗುತ್ತದೆ, ಪಂಪು ನಡೆಸುವ ಖರ್ಚು ಯಾರದು, ಗಣಿಯನ್ನೇ ನಂಬಿದ ಸಂಸಾರಗಳು ಎಲ್ಲಿಗೆ ಹೊರಡುತ್ತವೆ? ಇಷ್ಟಕ್ಕೆ ಉತ್ತರ ಕೊಡದೆ ಗೆಲುವಿನ ಪರದೆ ತೆರೆಯಬಾರದು.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲು ಅತಲವೊಂದನ್ನೇ ಮಾಡಿ: ಬೆಂಕಿ, ಹೊಗೆಬಾವಿ, ಕಪಿಲೆ, ಬಿಲ್ಲೆಯ ಹಲಗೆ, ಅಷ್ಟೇ. 640 ಅಡಿಗೆ ತಲುಪಲು ಆಟಗಾರನಿಗೆ ಹತ್ತು ಗಂಟೆ ಹಿಡಿಯುವ ಹಾಗಿರಲಿ. ಅದನ್ನು ನನಗೆ ಆಡಲು ಕೊಡಿ. ಹಟ್ಟಿಯ ತಳ ನಾನು ಮುಟ್ಟಿದ ಮೇಲೆ ವಿತಲದ ಮಾತಾಡೋಣ.