ಕೊಳಚೆನೀರಿನ ಜಿಡ್ಡು, ದುರ್ವಾಸನೆ ಮತ್ತು ಕಿಣ್ವಗಳು

ಸಂದರ್ಭ: ಲಕ್ಷ್ಮಣತೀರ್ಥ ನದಿಯ ಹುಣಸೂರು–ಕಟ್ಟೆಮಳಲವಾಡಿ ಭಾಗವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಲುಷಿತ ನದಿಪಾತ್ರವೆಂದು ಗುರುತಿಸಿದೆ. ಕೊಡಗಿನಲ್ಲಿ ಹುಟ್ಟುವ ಈ ನದಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಸಮಸ್ಯೆ: ಇಂಥ ನದಿಗಳಿಗೆ ಕೊಳಚೆನೀರು ಒಯ್ಯುವ ಚರಂಡಿ ಕೊಳವೆಗಳಲ್ಲಿ ಅಡುಗೆಮನೆ, ಹೋಟೆಲುಗಳ ಎಣ್ಣೆ ಜಿಡ್ಡು ಹೆಪ್ಪುಗಟ್ಟುತ್ತದೆ. ಆಮ್ಲಜನಕವಿಲ್ಲದ ಕಡೆ ಸಲ್ಫೇಟ್ ಅಪಕರ್ಷಿಸುವ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ.

ಈ ಕೊಳೆಯನ್ನು ಒಡೆಯಲು ಕಿಣ್ವಗಳನ್ನು ಬಳಸುತ್ತಾರೆ. ಯಾವ ಕಿಣ್ವ, ಯಾವ ಕೆಲಸ?
- ಲೈಪೇಸ್: ಕೊಬ್ಬು → ಕೊಬ್ಬಿನಾಮ್ಲ + ಗ್ಲಿಸರಾಲ್
- ಪ್ರೋಟಿಯೇಸ್: ಪ್ರೋಟೀನ್ → ಪೆಪ್ಟೈಡ್, ಅಮೈನೋ ಆಮ್ಲ
- ಅಮೈಲೇಸ್: ಪಿಷ್ಟ → ಸರಳ ಸಕ್ಕರೆಗಳು
- ಸೆಲ್ಯುಲೇಸ್: ಸೆಲ್ಯುಲೋಸ್ → ಗ್ಲೂಕೋಸ್

ಮಿತಿಗಳು:
- ಕಿಣ್ವಗಳು ಜೈವಿಕ ವೇಗವರ್ಧಕಗಳು. ಅತಿ ಶಾಖ, ತೀವ್ರ ಆಮ್ಲ–ಕ್ಷಾರದಲ್ಲಿ ನಿಷ್ಕ್ರಿಯವಾಗುತ್ತವೆ.
- ಒಡೆದ ಕೊಬ್ಬಿನಾಮ್ಲವನ್ನು ಬ್ಯಾಕ್ಟೀರಿಯಾ ಜೀರ್ಣಿಸದಿದ್ದರೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಮುಂದಿನ ಕೊಳವೆಯಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಕಿಣ್ವಗಳನ್ನು ಹೆಚ್ಚಾಗಿ ಸೂಕ್ಷ್ಮಜೀವಿಗಳೊಂದಿಗೆ ಬಳಸುತ್ತಾರೆ.
- ಕಿಣ್ವಗಳ ಬಳಕೆ ಜಿಡ್ಡು ತಡೆತೊಟ್ಟಿಗಾಗಲಿ ಶುದ್ಧೀಕರಣ ಘಟಕಕ್ಕಾಗಲಿ ಬದಲಿಯಲ್ಲ.

ನೆನಪಿಡಿ:
- ಜಲ (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಕಾಯ್ದೆ: 1974
- ಒಳನಾಡು ಜಲಮೂಲಕ್ಕೆ ಬಿಡುವ ತ್ಯಾಜ್ಯನೀರಿನಲ್ಲಿ ಎಣ್ಣೆ–ಜಿಡ್ಡಿನ ಸಾಮಾನ್ಯ ಮಿತಿ: ಲೀಟರಿಗೆ 10 ಮಿ.ಗ್ರಾಂ

ಮಾದರಿ ಪ್ರಶ್ನೆ: ಕೊಬ್ಬನ್ನು ವಿಭಜಿಸುವ ಕಿಣ್ವ ಯಾವುದು?
ಉತ್ತರ: ಲೈಪೇಸ್