ಚಳಿಗಾಲದ ಕೊಯಮತ್ತೂರು: ನಗರವನ್ನು ಓದಿಸುವ ಒಂದು ಪಾಠ

(6ರಿಂದ 8ನೆಯ ತರಗತಿಗಳಿಗೆ, ಕನ್ನಡ ಭಾಷಾಬೋಧನೆಯೊಂದಿಗೆ ವಿಜ್ಞಾನ, ಸಮಾಜ ವಿಜ್ಞಾನ)

‘ಚಳಿಗಾಲ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿರೆಂದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಜನ ಬರೆಯುವುದು ಒಂದೇ ತೆರ: ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಜನರು ಉಣ್ಣೆಯ ಬಟ್ಟೆ ತೊಡುತ್ತಾರೆ, ಬೆಂಕಿ ಕಾಯಿಸುತ್ತಾರೆ. ತಾಳವಾಡಿಯ ಮಗುವಿಗೆ ಕಡೆಯ ಎರಡು ಮಾತು ಒಪ್ಪುತ್ತವೆ. ಅಲ್ಲಿಯ ಚಳಿ ಚಳಿಯೇ. ಹಿಮವಾದರೋ ಪುಸ್ತಕದಿಂದ ಇಳಿದು ಬಂದದ್ದು. ತನ್ನ ಕಣ್ಣು ಕಂಡದ್ದನ್ನು ಬಿಟ್ಟು ಯಾರೋ ಕಂಡದ್ದನ್ನು ಬರೆಯುವ ಈ ಅಭ್ಯಾಸ ಎಲ್ಲ ಭಾಷೆಯ ಶಾಲೆಗಳಲ್ಲೂ ಇದೆ. ಆದರೆ ಅಲ್ಪಸಂಖ್ಯಾತ ಭಾಷೆಯ ಶಾಲೆಯಲ್ಲಿ ಅದರ ಪರಿಣಾಮ ಹೆಚ್ಚು ಗಂಭೀರ. ಮನೆ, ಗುಡಿ, ಮದುವೆ ಇವಿಷ್ಟು ಕನ್ನಡಕ್ಕೆ. ಬಸ್ಸು, ಆಸ್ಪತ್ರೆ, ಮಾರುಕಟ್ಟೆ, ಪತ್ರಿಕೆ ತಮಿಳಿಗೆ. ಉಳಿದುದು ಇಂಗ್ಲಿಷಿಗೆ ಎಂಬ ಹಂಚಿಕೆಯನ್ನು ಮಗು ಯಾರೂ ಹೇಳದೆ ತಾನೇ ಮಾಡಿಕೊಳ್ಳುತ್ತದೆ. ತನಗೆ ಹತ್ತಿರದ ದೊಡ್ಡ ನಗರವನ್ನು ಕುರಿತು ಕನ್ನಡದಲ್ಲಿ ಹತ್ತು ವಾಕ್ಯ ಬರೆಯಲಾರದ ಮಗು ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಕನ್ನಡವನ್ನು ಅಡುಗೆಮನೆಯ ಭಾಷೆಯೆಂದೇ ತಿಳಿದಿರುತ್ತದೆ. ಆ ಹಂಚಿಕೆಯನ್ನು ಸ್ವಲ್ಪ ಕದಲಿಸುವುದು ಈ ಪಾಠದ ಉದ್ದೇಶ.

ಕೊಯಮತ್ತೂರು ನಮಗೆ ಪರಸ್ಥಳವೇನೂ ಅಲ್ಲ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆಯಿಂದ 1979ರಲ್ಲಿ ಈರೋಡು ಬೇರೆಯಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರೂಪುಗೊಂಡಿತು. ನಗರದ ಹಳೆಯ ಬೀದಿಗಳಲ್ಲಿ, ಸಿರುಮುಗೈಯಲ್ಲಿ, ನೆಗಮದಲ್ಲಿ ದೇವಾಂಗ ನೇಕಾರರ ಮನೆಗಳ ಮುಂದೆ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುವುದಿಲ್ಲ; ಆ ಮನೆಗಳ ಎಷ್ಟೋ ಮಕ್ಕಳು ಆಡುವ ಭಾಷೆಯನ್ನು ಓದಲಾರರು. ಊರ ಹೆಸರುಗಳ ವಿಷಯದಲ್ಲಿ ಒಂದು ಎಚ್ಚರ: ನಟ ರಾಜ್‌ಕುಮಾರ್ ಅವರ ಹೆಸರಿನೊಡನೆ ಬರುವ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು. ಕೊಯಮತ್ತೂರಿನ ಸಿಂಗಾನಲ್ಲೂರು ಬೇರೆ. ಮಕ್ಕಳು ಇದನ್ನು ಖಂಡಿತ ಕೇಳುತ್ತಾರೆ.

ಋತುವಿನ ಲೆಕ್ಕ

ಮೊದಲು ತರಗತಿಯಲ್ಲೇ ಮಾಡಬೇಕಾದ ಕೆಲಸ. ಕನ್ನಡ ಪಠ್ಯಗಳಲ್ಲಿ ಕೆರೆ ತುಂಬುವುದು ಸಾಮಾನ್ಯವಾಗಿ ಮುಂಗಾರಿನಲ್ಲಿ. ಕೊಯಮತ್ತೂರು ಪಶ್ಚಿಮ ಘಟ್ಟದ ಮರೆಯಲ್ಲಿರುವುದರಿಂದ ನೈರುತ್ಯ ಮಾರುತದ ಮಳೆ ಇಲ್ಲಿಗೆ ಕಡಿಮೆ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯೇ ಈ ಊರಿನ ದೊಡ್ಡ ಆಸರೆ. ಆದುದರಿಂದ ಇಲ್ಲಿ ಚಳಿಗಾಲವೆಂದರೆ ಒಣಗಿದ ಕಾಲವಲ್ಲ, ಕೆರೆಯಲ್ಲಿ ನೀರು ನಿಂತಿರುವ ಕಾಲ. ಇದೊಂದು ಅಂಶ ತಿಳಿದರೆ ಮುಂದಿನದೆಲ್ಲ ತಿಳಿಯುತ್ತದೆ.

ಘಟ್ಟದ ಸಾಲು ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರಿನಷ್ಟು ಬಾಯಿ ತೆರೆದಿದೆ. ಬೇಸಿಗೆ ಕಳೆದ ಮೇಲೆ ಆ ಬಾಯಿಯಿಂದ ಪಡುವಣ ಗಾಳಿ ನುಗ್ಗುತ್ತದೆ. ಪಲ್ಲಡಂ, ಉಡುಮಲೈಪೇಟೆಗಳ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದು ಆಗ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಯಂತ್ರಗಳು ಬಹುಮಟ್ಟಿಗೆ ಮಂದವಾಗಿರುತ್ತವೆ. ಬಸ್ಸಿನ ಕಿಟಕಿಯಿಂದ ಎಷ್ಟು ಯಂತ್ರಗಳು ತಿರುಗುತ್ತಿವೆ, ಎಷ್ಟು ನಿಂತಿವೆ ಎಂದು ಎಣಿಸಲು ಮಕ್ಕಳಿಗೆ ಹೇಳಿ.

ಇನ್ನೊಂದು ಲೆಕ್ಕ ಸೂರ್ಯನದು. ಡಿಸೆಂಬರ್ 21 ಅಥವಾ 22ರ ಹಗಲು ವರ್ಷದಲ್ಲೇ ಚಿಕ್ಕದು. ಕೊಯಮತ್ತೂರಿನ ಅಕ್ಷಾಂಶದಲ್ಲಿ ಸುಮಾರು ಹನ್ನೊಂದೂವರೆ ಗಂಟೆ. ಅಲ್ಲಿಂದ ಹಗಲು ಬೆಳೆಯುತ್ತದೆಯಾದರೂ ಸೂರ್ಯೋದಯವು ಜನವರಿಯ ಕೊನೆಯ ವಾರದವರೆಗೂ ದಿನದಿನಕ್ಕೆ ತಡವಾಗುತ್ತಲೇ ಹೋಗುತ್ತದೆ. ಹಗಲು ಹೆಚ್ಚುವುದು ಸಂಜೆಯ ಕಡೆಯಿಂದ. ಪತ್ರಿಕೆಯಲ್ಲಿ ಬರುವ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ಐದು ವಾರ ಬರೆದಿಟ್ಟರೆ ಮಕ್ಕಳು ಇದನ್ನು ತಾವೇ ಕಂಡುಕೊಳ್ಳುತ್ತಾರೆ. ಮುಂಚಿತವಾಗಿ ಉತ್ತರ ಹೇಳಬೇಡಿ.

ಕೆರೆಗಳು

ನೊಯ್ಯಲ್ ನದಿ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ನಗರಗಳನ್ನು ಹಾದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅದರ ಅಣೆಕಟ್ಟುಗಳಿಂದ ಕಾಲುವೆಗಳು, ಕಾಲುವೆಗಳಿಂದ ಕೆರೆಗಳು. ಉಕ್ಕಡಂ ಪೆರಿಯಕುಳಂ, ವಾಲಾಂಕುಳಂ, ಸಿಂಗಾನಲ್ಲೂರು, ಕುರಿಚ್ಚಿ ಇವೆಲ್ಲ ಆ ಸರಪಣಿಯ ಕೊಂಡಿಗಳು. ‘ಕುಳಂ’ ಎಂದರೆ ನಮ್ಮ ಕೊಳವೇ. ‘ಪೆರಿಯ’ ಎಂದರೆ ಹಿರಿಯ. ದೊಡ್ಡಕೆರೆ ಎಂದು ಮಕ್ಕಳು ಕೂಡಲೇ ಅನುವಾದಿಸುತ್ತಾರೆ.

ಹಕ್ಕಿ ನೋಡಲು ಇದೇ ತಕ್ಕ ಕಾಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ನಾಮಕೋಳಿ ಕೆರೆಯಲ್ಲಿ ಸಿಗುತ್ತವೆ. ದೂರದಿಂದ ಬರುವ ಅತಿಥಿಗಳು ಬೇರೆ: ಸೂಜಿಬಾಲದ ಬಾತು, ಚಲುಕ ಬಾತು, ಹಳದಿ ಸಿಪಿಲೆ, ಸಂಜೆಯ ಆಕಾಶದಲ್ಲಿ ಹಿಂಡಾಗಿ ತಿರುಗುವ ಗುಲಾಬಿ ಕಬ್ಬಕ್ಕಿ. ಹೆಸರು ಕಲಿಸುವ ಅವಸರ ಬೇಡವೆಂಬುದು ನನ್ನ ಅಭಿಪ್ರಾಯ. ಮೊದಲು ಕೊಕ್ಕಿನ ಆಕಾರ, ಕಾಲಿನ ಉದ್ದ, ನೀರಿನಲ್ಲಿ ನಿಂತಿದೆಯೋ ತೇಲುತ್ತಿದೆಯೋ ಮುಳುಗುತ್ತಿದೆಯೋ ಎಂಬುದನ್ನು ಬರೆಸಿ. ಹೆಸರು ಆಮೇಲೆ ಬರಲಿ. ‘ಮುಳುಗು’, ‘ತೇಲು’, ‘ಕುಕ್ಕು’, ‘ಸುಳಿ’, ‘ಎರಗು’ ಮುಂತಾದ ಕ್ರಿಯಾಪದಗಳು ಮಕ್ಕಳ ಬರಹದಲ್ಲಿ ಜೀವ ಪಡೆಯುವುದು ಇಂತಹ ಹೊತ್ತಿನಲ್ಲಿ. ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ ನಡೆಯುತ್ತದೆ. ತಮಿಳುನಾಡಿನ ಪಕ್ಷಿವೀಕ್ಷಕರು 2015ರಿಂದ ಹಬ್ಬದ ರಜೆಯ ದಿನಗಳಲ್ಲಿ ಪೊಂಗಲ್ ಹಕ್ಕಿ ಎಣಿಕೆಯನ್ನೂ ನಡೆಸುತ್ತಾರೆ. ಎರಡಕ್ಕೂ ಶಾಲೆಯ ಮಕ್ಕಳು ಸೇರಬಹುದು.

ತಿರುಪ್ಪೂರಿನ ಸಮೀಪದ ನಂಜರಾಯನ್ ಕೆರೆಗೆ ಹಿಂದೆ ಈ ಸೀಮೆಯನ್ನಾಳಿದ ನಂಜರಾಯನೆಂಬ ಅರಸನ ಹೆಸರು ಬಂದಿತೆಂದು ಹೇಳುತ್ತಾರೆ. ಕನ್ನಡ ಕಿವಿಗೆ ಇದು ಪರಿಚಿತ ಹೆಸರು. ಸುಮಾರು 125 ಹೆಕ್ಟೇರಿನ ಈ ಕೆರೆ 2022ರಲ್ಲಿ ಪಕ್ಷಿಧಾಮವಾಯಿತು, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಇಲ್ಲಿಯೂ ಕಂಡಿದೆ. ಅದೇ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಹೆಬ್ಬಾತು ಬರುತ್ತದೆ. ಎರಡು ಕೆರೆಗಳನ್ನೂ ಒಂದೇ ಭೂಪಟದಲ್ಲಿ ಗುರುತಿಸಿ ತೋರಿಸಿ.

ನದಿಯ ಇನ್ನೊಂದು ಮುಖವನ್ನು ಮರೆಮಾಚಬಾರದು. ತಿರುಪ್ಪೂರಿನ ಬನಿಯನ್ ಉದ್ಯಮ ಬೆಳೆದಂತೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳೆನೀರು ನೊಯ್ಯಲಿಗೆ ಸೇರಿತು. ನೀರಾವರಿಗಾಗಿ ಕಟ್ಟಿದ, 1992ರಲ್ಲಿ ಪೂರ್ಣಗೊಂಡ ಒರತ್ತುಪಾಳಯಂ ಅಣೆಕಟ್ಟು ಆ ಕೊಳೆಯ ತೊಟ್ಟಿಯಾಯಿತು. ಕೆಳಗಿನ ಹೊಲಗಳು ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು, ಒಂದು ಹನಿ ಕೊಳೆನೀರನ್ನೂ ಹೊರಬಿಡದ ವ್ಯವಸ್ಥೆ ಆಗುವವರೆಗೆ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಆದೇಶಿಸಿತು. ನಮ್ಮ ಮಕ್ಕಳಲ್ಲಿ ಕೆಲವರ ಅಣ್ಣಂದಿರು, ಅಕ್ಕಂದಿರು ಅದೇ ಉದ್ಯಮದಲ್ಲಿ ದುಡಿಯುತ್ತಿರಬಹುದು. ಆದುದರಿಂದ ಈ ಚರ್ಚೆಯನ್ನು ನಡೆಸುವಾಗ ರೈತನ ಮಾತನ್ನೂ ಕೆಲಸಗಾರನ ಮಾತನ್ನೂ ಬೇರೆಬೇರೆ ಮಕ್ಕಳಿಂದ ಹೇಳಿಸಬೇಕು. ತೀರ್ಪು ಕೊಡುವ ಹೊಣೆ ಅಧ್ಯಾಪಕರದಲ್ಲ.

ಕಬ್ಬಿನ ಹೂ

ಹಬ್ಬಕ್ಕೆ ಕಬ್ಬು ತಿನ್ನುವ ಮಕ್ಕಳಲ್ಲಿ ಕಬ್ಬಿನ ಹೂವನ್ನು ಕಂಡವರೆಷ್ಟು ಜನ ಎಂದು ಕೇಳಿ ನೋಡಿ. ಉತ್ತರ ಭಾರತದಲ್ಲಿ ಕಬ್ಬು ಹೂ ಬಿಟ್ಟು ಬೀಜ ಕಟ್ಟುವುದು ದುರ್ಲಭ. ಕೊಯಮತ್ತೂರಿನ ಹವೆಯಲ್ಲಿ ಅದು ಚಳಿಗಾಲದ ಆರಂಭಕ್ಕೆ ಬೆಳ್ಳಿಯ ಕುಚ್ಚಿನಂತೆ ಹೂ ಬಿಟ್ಟು ಬೀಜ ಕಟ್ಟುತ್ತದೆ. ಹೂ ಇಲ್ಲದೆ ಹೊಸ ತಳಿ ಇಲ್ಲ. 1912ರಲ್ಲಿ ಕಬ್ಬು ತಳಿ ಸಂಶೋಧನಾ ಸಂಸ್ಥೆಯನ್ನು ಇಲ್ಲಿ ಸ್ಥಾಪಿಸಿದ್ದಕ್ಕೆ ಇದೇ ಕಾರಣ. ನಾಡಿನ ಕಬ್ಬನ್ನು ತಾನಾಗಿ ಬೆಳೆಯುವ ಕಾಡುಕಬ್ಬಿನೊಡನೆ ಬೆರೆಸಿ ಪಡೆದ ‘ಸಿಒ 205’ ತಳಿ 1918ರಲ್ಲಿ ಹೊರಬಂದಿತು. ಬಾರ್ಬರ್, ಟಿ. ಎಸ್. ವೆಂಕಟರಾಮನ್ ಅವರ ಹೆಸರು ಈ ಕೆಲಸದೊಡನೆ ಸೇರಿದೆ; ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ 1930ರ ದಶಕದಲ್ಲಿ ಇಲ್ಲಿ ದುಡಿದರು. ‘ಸಿಒ’ ಎಂಬ ಎರಡಕ್ಷರ ಕೊಯಮತ್ತೂರಿನ ಗುರುತು. ಮಂಡ್ಯದ ರೈತ ‘ಸಿಒ 62175’ ಎಂದಾಗ ಅವನ ಬಾಯಲ್ಲಿರುವುದು ಈ ಊರಿನ ಹೆಸರು. ಸಂಸ್ಥೆಗೆ ಹೋಗುವುದಾದರೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಬೇಕು. ಆ ಪತ್ರವನ್ನು ಮಕ್ಕಳಿಂದಲೇ ಕನ್ನಡದಲ್ಲಿ ಬರೆಸಿ, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಒಂದು ಪ್ರತಿ ಸೇರಿಸಿ ಕಳುಹಿಸಿ. ಹತ್ತಿರದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯ 1902ರದು, ಸಮಯವಿದ್ದರೆ ನೋಡಬಹುದು.

ಮಾರ್ಗಳಿಯ ಬೀದಿ

ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ತಮಿಳಿನ ಮಾರ್ಗಳಿ, ನಮ್ಮ ಧನುರ್ಮಾಸ. ನಸುಕಿನಲ್ಲಿ ಬಾಗಿಲ ಮುಂದೆ ಕೋಲ, ಅದರ ನಡುವೆ ಸಗಣಿಯ ಉಂಡೆ, ಉಂಡೆಯ ಮೇಲೆ ಕುಂಬಳದ ಹೂ. ಪೇರೂರಿನ ಪಟ್ಟೀಶ್ವರ ಗುಡಿಯಲ್ಲಿ ಆರುದ್ರಾ ದರ್ಶನ. ಭೋಗಿಯ ದಿನ ಬೇವು, ಆವರಿಕೆ ಹೂ, ಪೂಳೈ ಹೂಗಳ ಕಟ್ಟನ್ನು ಸೂರಿಗೆ ಸಿಕ್ಕಿಸುತ್ತಾರೆ. ಪೊಂಗಲ್ ಮುಗಿದ ಮೇಲೆ ಕೊಂಗು ಸೀಮೆಯ ಹೆಣ್ಣುಮಕ್ಕಳು ಹೂ ಕೊಯ್ಯುವ ಹಬ್ಬಕ್ಕೆ ಹೊರಡುತ್ತಾರೆ. ನಮ್ಮ ಎಳ್ಳುಬೆಲ್ಲ, ಕಿಚ್ಚು ಹಾಯಿಸುವಿಕೆಗಳ ಜೊತೆಗಿಟ್ಟು ಇವನ್ನು ಹೋಲಿಸಬಹುದು. ಹೂವಿನ ಮಾರುಕಟ್ಟೆಯಲ್ಲಿ ಗಣಿತಕ್ಕೂ ಎಡೆಯಿದೆ: ಮಂಜು ಬಿದ್ದಾಗ ಮಲ್ಲಿಗೆಯ ಮೊಗ್ಗು ಕಡಿಮೆ, ಹಬ್ಬದ ಬೇಡಿಕೆ ಹೆಚ್ಚು, ಬೆಲೆ ಏರುತ್ತದೆ. ಸತ್ಯಮಂಗಲದಿಂದ ಬರುವ ಹೂವಿನ ಬೆಲೆಯನ್ನು ಮಕ್ಕಳು ಡಿಸೆಂಬರಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಕೇಳಿ ಬರೆಯಲಿ.

ಭಾಷಾಪಾಠಕ್ಕೆ ಇಲ್ಲಿ ಸಿಗುವಷ್ಟು ಸಾಮಗ್ರಿ ಬೇರೆಲ್ಲೂ ಇಲ್ಲ. ತಮಿಳರು ಮಂಜಿಗೆ ‘ಪನಿ’ ಎನ್ನುತ್ತಾರೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ನಾವು ಕಲಿಸಿದ್ದೇವೆ: ಪಾಲ್, ಹಾಲು, ಪುಲಿ, ಹುಲಿ, ಪೂ, ಹೂ. ಹಾಗೆಯೇ ಪನಿ ನಮ್ಮಲ್ಲಿ ಹನಿ. ‘ಇಬ್ಬನಿ’ಯೊಳಗೂ ಅದೇ ಅಡಗಿ ಕುಳಿತಿದೆ. ‘ಪೊಂಗಲ್’ ಎಂಬುದು ನಮ್ಮ ‘ಹೊಂಗು’, ಅಂದರೆ ಉಕ್ಕು. ಸೂತ್ರವಾಗಿ ಕಂಠಪಾಠ ಮಾಡಿದ ವ್ಯಾಕರಣ ಬೀದಿಯಲ್ಲಿ ಸಿಕ್ಕಾಗ ಮಕ್ಕಳ ಮುಖ ಅರಳುವುದನ್ನು ನೀವೇ ಕಾಣುವಿರಿ.

ಅಂದಂದಿನ ಸಂಗತಿ

2006ರ ತಮಿಳು ಕಲಿಕಾ ಕಾಯಿದೆಯ ಬಳಿಕ ನಮ್ಮ ಮಕ್ಕಳು ತಮಿಳನ್ನೂ ಓದುತ್ತಿದ್ದಾರೆ. ಅದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಅವನ್ನು ಬದಿಗಿಟ್ಟು ನೋಡಿದರೆ, ಕಲಿತ ತಮಿಳು ಕನ್ನಡಕ್ಕೆ ಆಕರವಾಗಬಲ್ಲದು. ತಮಿಳು ಪತ್ರಿಕೆಯ ಕೊಯಮತ್ತೂರು, ತಿರುಪ್ಪೂರು ಪುಟಗಳಲ್ಲಿ ಅಂದಿನ ಕಾರ್ಯಕ್ರಮಗಳ ಪಟ್ಟಿ ಬರುತ್ತದೆ. ಅದನ್ನು ಓದಿ ಯಾವ ಕಾರ್ಯಕ್ರಮ, ಎಲ್ಲಿ, ಎಷ್ಟು ಗಂಟೆಗೆ, ಯಾರು ನಡೆಸುತ್ತಾರೆ, ಪ್ರವೇಶ ಹೇಗೆ ಎಂಬುದನ್ನು ಕನ್ನಡದಲ್ಲಿ ಬರೆದು ಶಾಲೆಯ ಫಲಕಕ್ಕೆ ಹಚ್ಚುವುದು ವಾರಕ್ಕೊಂದು ಗುಂಪಿನ ಕೆಲಸ. 2008ರಲ್ಲಿ ಆರಂಭವಾದ ಕೊಯಮತ್ತೂರು ವಿಳಾ ಕೆಲವು ವರ್ಷ ಜನವರಿಯಲ್ಲಿ, ಕೆಲವು ವರ್ಷ ನವೆಂಬರಿನಲ್ಲಿ ನಡೆದಿದೆ. ಹಳೆಯ ದಿನಾಂಕವನ್ನು ನಂಬದೆ ವಿಚಾರಿಸುವುದನ್ನು ಮಕ್ಕಳು ಇದರಿಂದ ಕಲಿಯುತ್ತಾರೆ. ತೈಪೂಸದ ಮುನ್ನಾದಿನಗಳಲ್ಲಿ ಪಳನಿಗೆ ನಡೆದು ಹೋಗುವ ಕಾವಡಿಯವರು ರಸ್ತೆಯುದ್ದಕ್ಕೂ ಕಾಣುತ್ತಾರೆ.

ಜನವರಿ 11 ತಿರುಪ್ಪೂರಿನ ಮಟ್ಟಿಗೆ ವಿಶೇಷ ದಿನ. ನೇಕಾರ ಕುಟುಂಬದಲ್ಲಿ ಚೆನ್ನಿಮಲೈಯಲ್ಲಿ ಹುಟ್ಟಿದ ಕುಮಾರನ್, 1932ರಲ್ಲಿ ನಿಷೇಧಿತ ರಾಷ್ಟ್ರಧ್ವಜವನ್ನು ಹಿಡಿದು ಮೆರವಣಿಗೆಯಲ್ಲಿ ನಡೆದಾಗ ಪೊಲೀಸರ ಏಟಿಗೆ ಸಿಕ್ಕಿ, ಧ್ವಜವನ್ನು ಕೈಬಿಡದೆ ಬಿದ್ದು, ಆ ದಿನ ಪ್ರಾಣ ಬಿಟ್ಟರು. ವಯಸ್ಸು 27. ಅವರ ಸ್ಮಾರಕ ನಗರದಲ್ಲಿದೆ.

ಮಾದರಿ ಬರಹ (ಮಕ್ಕಳಿಗೆ ಓದಿ ಹೇಳಲು, ನಕಲು ಮಾಡಿಸಲು ಅಲ್ಲ)

‘ಬೆಳಗ್ಗೆ ಏಳಕ್ಕೆ ಕೆರೆಯ ಏರಿ ಹತ್ತಿದೆವು. ಎದುರು ದಡ ಮಂಜಿನಲ್ಲಿ ಕಾಣಲಿಲ್ಲ. ಮೊದಲು ಶಬ್ದ ಕೇಳಿತು, ಆಮೇಲೆ ಹಕ್ಕಿ ಕಂಡಿತು. ಒಂದು ದೊಡ್ಡ ಹಕ್ಕಿಯ ಕೊಕ್ಕಿನ ಕೆಳಗೆ ಚೀಲವಿತ್ತು. ಬಲೆ ಬಿಡಿಸುತ್ತಿದ್ದ ತಾತನನ್ನು “ತಾತಾ, ಇದರ ಹೆಸರೇನು?” ಎಂದು ತಮಿಳಿನಲ್ಲಿ ಕೇಳಿದೆವು. “ಕೂಳೈಕ್ಕಡಾ” ಎಂದರು. ನಮ್ಮ ಪುಸ್ತಕದಲ್ಲಿ ಅದು ಹೆಜ್ಜಾರ್ಲೆ. ನೀರಿನ ಅಂಚಿನಲ್ಲಿ ಪ್ಲಾಸ್ಟಿಕ್ ಚೀಲಗಳೂ ಇದ್ದವು. ಅವನ್ನೂ ಎಣಿಸಿದೆವು.’

ಇಲ್ಲಿ ಅಲಂಕಾರವಿಲ್ಲ, ಗಾದೆಯಿಲ್ಲ. ಆದರೆ ಪ್ರತಿ ವಾಕ್ಯಕ್ಕೂ ಕಣ್ಣು ಅಥವಾ ಕಿವಿಯ ಸಾಕ್ಷಿಯಿದೆ. ಅಂಕ ಕೊಡುವಾಗ ಇದನ್ನೇ ನೋಡಿ. ‘ಪ್ರಕೃತಿಯ ಸೊಬಗು ಮನಸೂರೆಗೊಂಡಿತು’ ಎಂಬ ವಾಕ್ಯಕ್ಕೆ ಅಂಕ ಕಳೆಯಬೇಕಾಗಿಲ್ಲ, ‘ಯಾವುದನ್ನು ಕಂಡಾಗ?’ ಎಂದು ಅಂಚಿನಲ್ಲಿ ಬರೆದರೆ ಸಾಕು. ಮಗುವಿನ ಆಡುನುಡಿಯ ಪದಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕಬೇಡಿ. ತಾಳವಾಡಿಯ ಮಾತಾಗಲಿ ದೇವಾಂಗರ ಮನೆಮಾತಾಗಲಿ, ಪಕ್ಕದಲ್ಲಿ ಗ್ರಂಥಸ್ಥ ರೂಪವನ್ನು ಬರೆದು ಎರಡನ್ನೂ ಉಳಿಸಿ.

ಪ್ರಯಾಣದ ಸೂಚನೆ

ತಾಳವಾಡಿ ಕಡೆಯ ಶಾಲೆಗಳು ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆಯನ್ನು ಬಿಡುವುದು ಲೇಸು. ದಿಂಬಂ ಘಟ್ಟದ 27 ತಿರುವುಗಳು ಮಕ್ಕಳನ್ನು ಬಳಲಿಸುತ್ತವೆ. 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಿಂತಿರುಗುವ ವೇಳೆಯನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಗೊತ್ತುಮಾಡಬೇಕು. ಮೊದಲ ದಿನ ಮಧ್ಯಾಹ್ನ ತಲುಪಿ ಉಕ್ಕಡಂ ಕೆರೆಯ ಸಂಜೆ, ಮರುದಿನ ನಸುಕಿಗೆ ಪೇರೂರಿನ ಬೀದಿ, ಬಳಿಕ ಕಬ್ಬಿನ ಸಂಸ್ಥೆ, ಹೂವಿನ ಮಾರುಕಟ್ಟೆ; ಇಷ್ಟಕ್ಕೇ ಎರಡು ದಿನ ಸರಿಹೋಗುತ್ತದೆ. ತಿರುಪ್ಪೂರನ್ನು ಬೇರೆ ಪ್ರವಾಸಕ್ಕೆ ಇಟ್ಟುಕೊಳ್ಳಿ. ಹೊಸೂರಿನ ಶಾಲೆಗಳಿಗೆ ದೂರ ಹೆಚ್ಚು. ಅವರು ಇದೇ ಕ್ರಮವನ್ನು ತಮ್ಮ ಊರಿನ ಕೆರೆಗೂ ಸಂತೆಗೂ ಅನ್ವಯಿಸಬಹುದು. ಪ್ರತಿ ಮಗುವಿನ ಬಳಿ ಸೀಸದಕಡ್ಡಿ ಇರಲಿ, ಇಬ್ಬನಿಗೆ ಶಾಯಿ ಹರಡುತ್ತದೆ. ಮರಳಿದ ಮೇಲೆ ಟಿಪ್ಪಣಿ ಪುಸ್ತಕಗಳನ್ನು ಮನೆಗೆ ಕಳುಹಿಸದೆ ತರಗತಿಯ ಗ್ರಂಥಾಲಯದಲ್ಲಿಡಿ. ಮುಂದಿನ ವರ್ಷದ ಮಕ್ಕಳು ಹೊರಡುವ ಮುನ್ನ ಅವನ್ನು ಓದಿ, ಹೂವಿನ ಬೆಲೆಯನ್ನೂ ಹಕ್ಕಿಗಳ ಸಂಖ್ಯೆಯನ್ನೂ ಗುರುತು ಮಾಡಿಕೊಂಡು ಹೋಗಲಿ.