ಒಂದು ಜಾಲ, ಹಲವು ಪಂಚಾಯಿತಿ ತಾಣಗಳು: ಬಡ್ಡಿಪ್ರೆಸ್ ಪ್ಲಗಿನ್‌ನ ದೋಷ ನಿವಾರಣೆ ಮತ್ತು ಮಾರ್ಪಾಡು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಒಂದು ತಾಲ್ಲೂಕಿನ ಗ್ರಾಮ ಪಂಚಾಯಿತಿಗಳೆಲ್ಲವೂ ಸೇರಿ ಒಂದೇ ಸರ್ವರ್‌ನಲ್ಲಿ ಜಾಲತಾಣ ಸ್ಥಾಪಿಸಿಕೊಂಡಿವೆ ಎಂದು ಭಾವಿಸೋಣ. ಪ್ರತಿ ಪಂಚಾಯಿತಿಗೂ ತನ್ನದೇ ಆದ ತಾಣವಿದೆ. ಅವೆಲ್ಲಕ್ಕೂ ಸಾಮಾನ್ಯವಾಗಿ ಗ್ರಾಮಸ್ಥರು ಹೆಸರು ನೋಂದಾಯಿಸಿ, ಗುಂಪುಗಳಿಗೆ ಸೇರಿ, ಪ್ರಕಟಣೆಗಳನ್ನು ಓದುವ ಸಾಮಾಜಿಕ ಜಾಲದ ಸೌಲಭ್ಯವೂ ಇದೆ. ಒಂದು ಪಂಚಾಯಿತಿಯು ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಗಾಗಿ ಗ್ರಾಮ ಸಭೆ ಕರೆದು, ಅದರ ಸೂಚನೆಯನ್ನು ತನ್ನ ತಾಣದಲ್ಲಿ ಪ್ರಕಟಿಸಿತು. ಸೂಚನೆಯು ಸಾಮಾನ್ಯ ಚಟುವಟಿಕೆ ಪುಟಕ್ಕೆ ತಾನಾಗಿಯೇ ಬರಬೇಕಿತ್ತು, ಬರಲಿಲ್ಲ. ಗುಂಪಿನ ಪುಟವನ್ನು ತೆರೆದವರಿಗೆ 'ಪುಟ ಸಿಗಲಿಲ್ಲ' ಎಂಬ ಸಂದೇಶ ಮಾತ್ರ ಕಂಡಿತು. ನಡವಳಿ ಪುಸ್ತಕದಲ್ಲಿ ಮಾತ್ರ 'ಜಾಲತಾಣದ ಮೂಲಕ ವ್ಯಾಪಕ ಪ್ರಚಾರ ನೀಡಲಾಗಿದೆ' ಎಂದು ದಾಖಲಾಯಿತು.

ಇಲ್ಲಿ ಯಾರೂ ಬೇಕೆಂದೇ ತಪ್ಪು ಮಾಡಿಲ್ಲ. ಆದರೆ ಮನೆಯಿಲ್ಲದ ಒಂದು ಕುಟುಂಬವು ಸಭೆಯ ವಿಷಯ ತಿಳಿಯದೆ ಅರ್ಜಿಯ ಅವಕಾಶವನ್ನು ಕಳೆದುಕೊಂಡಿರಬಹುದು. ದುರಸ್ತಿ ಮಾಡುವವರು ತಾಂತ್ರಿಕ ಸಿಬ್ಬಂದಿಯೇ ಆದರೂ, ದೋಷ ಎಲ್ಲಿದೆ ಎಂದು ಸರಿಯಾದ ಪ್ರಶ್ನೆ ಕೇಳುವ ಹೊಣೆ ಚುನಾಯಿತ ಸದಸ್ಯರದು. ಆ ಪ್ರಶ್ನೆಗಳಿಗೆ ಅಗತ್ಯವಾದ ತಿಳಿವಳಿಕೆಯನ್ನು ಒದಗಿಸುವುದೇ ಈ ಪಾಠದ ಉದ್ದೇಶ.

1. ವ್ಯವಸ್ಥೆಯ ರಚನೆ

ವರ್ಡ್‌ಪ್ರೆಸ್ ಎಂಬುದು 2003ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ಒಂದೇ ಸ್ಥಾಪನೆಯಲ್ಲಿ ಹಲವು ತಾಣಗಳನ್ನು ನಡೆಸುವ ಸೌಲಭ್ಯವು ಮೊದಲು ವರ್ಡ್‌ಪ್ರೆಸ್ ಎಂಯು ಎಂಬ ಪ್ರತ್ಯೇಕ ತಂತ್ರಾಂಶದಲ್ಲಿತ್ತು. 2010ರ ಜೂನ್‌ನಲ್ಲಿ ಬಿಡುಗಡೆಯಾದ 3.0 ಆವೃತ್ತಿಯಲ್ಲಿ ಅದು ಮೂಲ ತಂತ್ರಾಂಶದೊಳಗೆ ವಿಲೀನಗೊಂಡಿತು. ಇದನ್ನು ಮಲ್ಟಿಸೈಟ್ ಎನ್ನುತ್ತಾರೆ. ಬಡ್ಡಿಪ್ರೆಸ್ ಎಂಬುದು ಇದರ ಮೇಲೆ ಕೆಲಸ ಮಾಡುವ ಸಾಮಾಜಿಕ ಜಾಲದ ಪ್ಲಗಿನ್, ಅದರ 1.0 ಆವೃತ್ತಿ 2009ರಲ್ಲಿ ಹೊರಬಂದಿತು. ಸದಸ್ಯರ ಪರಿಚಯ ಪುಟ, ಚಟುವಟಿಕೆ ಪಟ್ಟಿ, ಗುಂಪುಗಳು, ಖಾಸಗಿ ಸಂದೇಶ, ಸ್ನೇಹ ಸಂಪರ್ಕ, ಸೂಚನೆಗಳು ಹಾಗೂ ತಾಣಗಳ ಜಾಡು ಇವು ಅದರ ಘಟಕಗಳು. ಬೇಕಾದ ಘಟಕವನ್ನು ಮಾತ್ರ ಚಾಲನೆಯಲ್ಲಿಡಬಹುದು.

ಇದನ್ನು ಪಂಚಾಯಿತಿಯ ವಾಣಿಜ್ಯ ಸಂಕೀರ್ಣಕ್ಕೆ ಹೋಲಿಸಬಹುದು. ಮಳಿಗೆಗಳು ಬೇರೆ ಬೇರೆ. ಅಡಿಪಾಯ, ವಿದ್ಯುತ್ ಸಂಪರ್ಕ ಮತ್ತು ಮುಖ್ಯ ಬಾಗಿಲು ಒಂದೇ. ಅದರಂತೆ ಪ್ರತಿ ತಾಣದ ಬರಹಗಳು ಪ್ರತ್ಯೇಕ ಕೋಷ್ಟಕಗಳಲ್ಲಿರುತ್ತವೆ. ಬಳಕೆದಾರರ ಪಟ್ಟಿ ಮಾತ್ರ ಇಡೀ ಜಾಲಕ್ಕೆ ಒಂದೇ. ತಾಣದ ನಿರ್ವಾಹಕರು ತಮ್ಮ ಮಳಿಗೆಯೊಳಗಿನ ಕೆಲಸಕ್ಕೆ ಅಧಿಕಾರ ಪಡೆದವರು. ಹೊಸ ಪ್ಲಗಿನ್ ಅಳವಡಿಸುವ ಅಧಿಕಾರವಿರುವುದು ಇಡೀ ಜಾಲದ ಮಹಾ ನಿರ್ವಾಹಕರಿಗೆ ಮಾತ್ರ. ಆದುದರಿಂದ ಯಾವುದೇ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಈ ತೊಂದರೆ ಒಂದು ತಾಣದ್ದೋ, ಇಡೀ ಜಾಲದ್ದೋ?

2. ಸಾಮಾನ್ಯ ದೋಷಗಳು, ಕಾರಣ ಮತ್ತು ಪರಿಹಾರ

*ಅ) ಗುಂಪು ಹಾಗೂ ಸದಸ್ಯರ ಪುಟಗಳು ತೆರೆಯುವುದಿಲ್ಲ.* ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ವಿಳಾಸ ವಿನ್ಯಾಸ. ಸರ್ವರ್ ಬದಲಾದ ನಂತರ ಅಥವಾ ದೊಡ್ಡ ನವೀಕರಣದ ನಂತರ ವಿಳಾಸದ ನಿಯಮಗಳು ಅಳಿಸಿಹೋಗಿರಬಹುದು. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ ಪುಟವನ್ನು ತೆರೆದು, ಏನನ್ನೂ ಬದಲಿಸದೆ ಮತ್ತೊಮ್ಮೆ ಉಳಿಸಿದರೆ ನಿಯಮಗಳು ಮರುರಚನೆಯಾಗುತ್ತವೆ. 12.0 ಆವೃತ್ತಿಯಿಂದ ಬಡ್ಡಿಪ್ರೆಸ್‌ನ ವಿಳಾಸ ವ್ಯವಸ್ಥೆಯೇ ಬದಲಾಗಿದೆ. ಹಳೆಯ ಪದ್ಧತಿಯನ್ನು ಅವಲಂಬಿಸಿದ ಪೂರಕ ಪ್ಲಗಿನ್‌ಗಳಿದ್ದರೆ ಬಿಪಿ ಕ್ಲಾಸಿಕ್ ಎಂಬ ಸಹಾಯಕ ಪ್ಲಗಿನ್ ಬೇಕಾಗುತ್ತದೆ.

ಎರಡನೆಯ ಕಾರಣ ಮಲ್ಟಿಸೈಟ್‌ಗೆ ವಿಶೇಷವಾದುದು. ಬಡ್ಡಿಪ್ರೆಸ್ ಪುಟಗಳು ಸಹಜವಾಗಿ ಮುಖ್ಯ ತಾಣದಲ್ಲಿ ಮಾತ್ರ ತೋರುತ್ತವೆ. ಪಂಚಾಯಿತಿಯ ಉಪತಾಣದ ವಿಳಾಸದ ಮುಂದೆ ಗುಂಪಿನ ಹೆಸರನ್ನು ಸೇರಿಸಿ ತೆರೆದರೆ ಅಲ್ಲಿ ಏನೂ ಸಿಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಆದದ್ದು ಇದೇ. ಪ್ರಕಟಣೆಗಳಲ್ಲಿ ಮುಖ್ಯ ತಾಣದ ಸರಿಯಾದ ಕೊಂಡಿಯನ್ನು ಕೊಡುವುದು ಇದಕ್ಕೆ ಸುಲಭ ಪರಿಹಾರ. ಎಲ್ಲ ತಾಣಗಳಲ್ಲೂ ಪುಟಗಳು ತೋರಬೇಕೆಂದಾದರೆ ಮಲ್ಟಿಬ್ಲಾಗ್ ಎಂಬ ಆಯ್ಕೆಯನ್ನು ಸಂಕೇತದ ಮೂಲಕ ಚಾಲನೆಗೊಳಿಸಬಹುದು. ಆದರೆ ಹಾಗೆ ಮಾಡಿದಾಗಲೂ ಎಲ್ಲ ತಾಣಗಳಲ್ಲಿ ಕಾಣುವುದು ಅದೇ ಗುಂಪುಗಳು, ಅದೇ ಸದಸ್ಯರು. ಪ್ರತಿ ಪಂಚಾಯಿತಿಗೆ ಪ್ರತ್ಯೇಕ ಸದಸ್ಯ ಪಟ್ಟಿ ಸಿಗುತ್ತದೆಂಬ ನಿರೀಕ್ಷೆ ತಪ್ಪು.

*ಆ) ತಾಣದಲ್ಲಿ ಪ್ರಕಟವಾದ ಸೂಚನೆ ಸಾಮಾನ್ಯ ಚಟುವಟಿಕೆ ಪುಟಕ್ಕೆ ಬರುವುದಿಲ್ಲ.* ಮೊದಲಿಗೆ ತಾಣಗಳ ಜಾಡು ಎಂಬ ಘಟಕ ಚಾಲನೆಯಲ್ಲಿದೆಯೇ ಎಂದು ನೋಡತಕ್ಕದ್ದು. ಅದು ಸರಿಯಿದ್ದರೆ, ಆ ತಾಣದ ಓದು ಸಂಬಂಧಿ ಸೆಟ್ಟಿಂಗ್‌ನಲ್ಲಿ 'ಹುಡುಕಾಟ ಯಂತ್ರಗಳು ಈ ತಾಣವನ್ನು ಸೂಚಿಸದಿರಲಿ' ಎಂಬರ್ಥದ ಚೌಕಕ್ಕೆ ಗುರುತು ಬಿದ್ದಿದೆಯೇ ಎಂದು ಪರಿಶೀಲಿಸಬೇಕು. ತಾಣವನ್ನು ಸಿದ್ಧಪಡಿಸುವ ಹಂತದಲ್ಲಿ ಈ ಗುರುತು ಹಾಕಿ, ಅನಂತರ ತೆಗೆಯಲು ಮರೆಯುವುದು ಸಾಮಾನ್ಯ. ಅಂತಹ ತಾಣವನ್ನು ಬಡ್ಡಿಪ್ರೆಸ್ ಸಾರ್ವಜನಿಕವಲ್ಲವೆಂದು ಪರಿಗಣಿಸಿ, ಅದರ ಬರಹಗಳನ್ನು ಚಟುವಟಿಕೆ ಪಟ್ಟಿಗೆ ಸೇರಿಸುವುದಿಲ್ಲ. ಗೂಗಲ್‌ನಲ್ಲಿ ಕಾಣದಿರಲೆಂದು ಹಾಕಿದ ಒಂದು ಗುರುತು, ಗ್ರಾಮ ಸಭೆಯ ಸೂಚನೆಯನ್ನೂ ಮರೆಮಾಡಿದಂತಾಗುತ್ತದೆ. ಬಡ್ಡಿಪ್ರೆಸ್ ಅಳವಡಿಸುವ ಮೊದಲೇ ಇದ್ದ ತಾಣಗಳು ಪಟ್ಟಿಯಲ್ಲಿ ಕಾಣದಿದ್ದರೆ, ಪರಿಕರಗಳ ಪುಟದಲ್ಲಿರುವ ಬಡ್ಡಿಪ್ರೆಸ್ ದುರಸ್ತಿ ವಿಭಾಗದಿಂದ ತಾಣಗಳ ದಾಖಲೆಯನ್ನು ಮರುಭರ್ತಿ ಮಾಡಬೇಕು.

*ಇ) ನೋಂದಾಯಿಸಿದವರಿಗೆ ದೃಢೀಕರಣ ಇಮೇಲ್ ತಲುಪುವುದಿಲ್ಲ.* ಸರ್ವರ್‌ನಿಂದ ನೇರವಾಗಿ ಹೊರಡುವ ಅಂಚೆಯನ್ನು ಇಮೇಲ್ ಸಂಸ್ಥೆಗಳು ಹಲವು ವೇಳೆ ಸ್ಪ್ಯಾಮ್ ಎಂದು ತಳ್ಳಿಬಿಡುತ್ತವೆ. ಅಧಿಕೃತ ಇಮೇಲ್ ಖಾತೆಯ ಮೂಲಕ, ಎಸ್‌ಎಂಟಿಪಿ ವಿಧಾನದಲ್ಲಿ ಕಳುಹಿಸುವಂತೆ ಮಾಡಬೇಕು. ಅದುವರೆಗೆ ಬಾಕಿ ಉಳಿದವರ ಹೆಸರುಗಳು ಬಳಕೆದಾರರ ವಿಭಾಗದ ನೋಂದಣಿ ನಿರ್ವಹಣೆಯ ಪುಟದಲ್ಲಿರುತ್ತವೆ. ಅಲ್ಲಿಂದ ಮತ್ತೆ ಇಮೇಲ್ ಕಳುಹಿಸಬಹುದು ಅಥವಾ ನಿರ್ವಾಹಕರೇ ದೃಢೀಕರಿಸಬಹುದು.

*ಈ) ಕನ್ನಡದಲ್ಲಿ ಬಳಕೆದಾರರ ಹೆಸರನ್ನು ಸ್ವೀಕರಿಸುವುದಿಲ್ಲ.* ಇದು ದೋಷವಲ್ಲ, ಮಲ್ಟಿಸೈಟ್‌ನ ನಿಯಮ. ಲಾಗಿನ್ ಹೆಸರಿನಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರಗಳಿಗೆ ಮತ್ತು ಅಂಕಿಗಳಿಗೆ ಮಾತ್ರ ಅವಕಾಶವಿದೆ. ಪರಿಚಯ ಪುಟದ ಹೆಸರಿನ ಅಂಕಣದಲ್ಲಿ ಕನ್ನಡ ಹೆಸರನ್ನು ಬರೆಯಬಹುದು. ಎಲ್ಲರಿಗೂ ಕಾಣುವುದು ಅದೇ. ನೋಂದಣಿ ಪುಟದಲ್ಲಿ ಈ ಕುರಿತು ಎರಡು ಸಾಲಿನ ಕನ್ನಡ ಸೂಚನೆಯನ್ನು ಹಾಕಿದರೆ ಗ್ರಾಮಸ್ಥರಿಗೆ ಗೊಂದಲವಾಗುವುದಿಲ್ಲ.

*ಉ) ಪ್ರಕಟಣೆಯ ಅಕ್ಷರಗಳು ಅರ್ಥವಾಗದ ಚಿಹ್ನೆಗಳಾಗಿ ತೋರುತ್ತವೆ.* ನುಡಿಯ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಸೂಚನೆಯನ್ನು ಹಾಗೆಯೇ ಅಂಟಿಸಿದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಪ್ರಕಟಿಸತಕ್ಕದ್ದು. ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕಾರಣ ಬೇರೆ: ದತ್ತಸಂಚಯದ ಕೋಷ್ಟಕಗಳು ಯೂನಿಕೋಡ್ ಸಂಕೇತದಲ್ಲಿಲ್ಲ. ಆಗ ತಾಂತ್ರಿಕ ಸಿಬ್ಬಂದಿಯು ಕೋಷ್ಟಕಗಳನ್ನು ಪರಿವರ್ತಿಸಬೇಕು. ಅದಕ್ಕೆ ಮುನ್ನ ಪೂರ್ಣ ಬ್ಯಾಕಪ್ ಕಡ್ಡಾಯ.

*ಊ) ಕನ್ನಡ ಶೀರ್ಷಿಕೆಯ ಕೊಂಡಿ ಅರ್ಧಕ್ಕೆ ತುಂಡಾಗುತ್ತದೆ.* ವಿಳಾಸದಲ್ಲಿ ಪ್ರತಿ ಕನ್ನಡ ಸಂಕೇತವೂ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿ ವಿಸ್ತರಿಸುತ್ತದೆ. ಬರಹದ ವಿಳಾಸಕ್ಕೆ ಇರುವ ಮಿತಿ 200 ಚಿಹ್ನೆಗಳು. ಅಂದರೆ ಸುಮಾರು 22 ಸಂಕೇತಗಳಿಗೇ ವಿಳಾಸ ಮುಗಿಯುತ್ತದೆ. ಒತ್ತಕ್ಷರ ಮತ್ತು ಸ್ವರಚಿಹ್ನೆಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡಾಗ ಇಂತಹ ಕೊಂಡಿ ಗುರುತು ಸಿಗದಂತಾಗುತ್ತದೆ. ಶೀರ್ಷಿಕೆಯನ್ನು ಕನ್ನಡದಲ್ಲೇ ಉಳಿಸಿಕೊಂಡು, ವಿಳಾಸವನ್ನು ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಉತ್ತಮ.

*ಋ) ಛಾಯಾಚಿತ್ರ ಅಥವಾ ಕಡತ ಏರುವುದಿಲ್ಲ.* ಮಲ್ಟಿಸೈಟ್‌ನಲ್ಲಿ ಒಂದು ಕಡತದ ಗಾತ್ರಕ್ಕೆ ಆರಂಭದಲ್ಲಿ 1500 ಕಿಲೋಬೈಟ್ ಮಿತಿ ಇರುತ್ತದೆ. ಮೊಬೈಲ್‌ನಲ್ಲಿ ತೆಗೆದ ಚಿತ್ರಗಳು ಸಾಮಾನ್ಯವಾಗಿ ಇದನ್ನು ಮೀರುತ್ತವೆ. ಜಾಲದ ಸೆಟ್ಟಿಂಗ್‌ನಲ್ಲಿ ಮಿತಿ ಹೆಚ್ಚಿಸಬಹುದು. ಆದರೆ ಸರ್ವರ್‌ನ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಪ್ರಯೋಜನವಿಲ್ಲ.

3. ಕಾರಣವೇ ತಿಳಿಯದಿದ್ದಾಗ ಅನುಸರಿಸಬೇಕಾದ ಕ್ರಮ

ಕೆಲವೊಮ್ಮೆ ಇಡೀ ತಾಣ ಬಿಳಿಯ ಪರದೆಯಾಗಿ ನಿಂತುಬಿಡುತ್ತದೆ. ಕುಡಿಯುವ ನೀರಿನ ಪೈಪ್‌ಲೈನ್‌ನಲ್ಲಿ ಸೋರಿಕೆ ಹುಡುಕುವಾಗ ಒಂದೊಂದೇ ವಾಲ್ವ್ ಮುಚ್ಚಿ ನೋಡುವಂತೆ ಇಲ್ಲಿಯೂ ಹಂತ ಹಂತವಾಗಿ ಸಾಗಬೇಕು.

1) ಮೊದಲು ದತ್ತಸಂಚಯ ಮತ್ತು ಕಡತಗಳೆರಡರ ಬ್ಯಾಕಪ್ ತೆಗೆಯುವುದು. ಒಂದನ್ನು ಮಾತ್ರ ತೆಗೆದರೆ ಪುನಃಸ್ಥಾಪನೆ ಅಪೂರ್ಣವಾಗುತ್ತದೆ.

2) ವರ್ಡ್‌ಪ್ರೆಸ್‌ನ ದೋಷ ಸೂಚನೆಯ ಇಮೇಲ್‌ಗಾಗಿ ಕಾಯದಿರುವುದು. 5.2 ಆವೃತ್ತಿಯಿಂದ ಮಾರಕ ದೋಷ ಉಂಟಾದಾಗ ವರ್ಡ್‌ಪ್ರೆಸ್ ತಾನೇ ಇಮೇಲ್ ಕಳುಹಿಸಿ, ಕಾರಣವಾದ ಪ್ಲಗಿನ್ ಅಥವಾ ಥೀಮ್‌ನ ಹೆಸರು ತಿಳಿಸುವುದು ಒಂದೇ ತಾಣದ ಸ್ಥಾಪನೆಯಲ್ಲಿ ಮಾತ್ರ, ಮಲ್ಟಿಸೈಟ್‌ನಲ್ಲಿ ಈ ಸೌಲಭ್ಯವಿಲ್ಲ.

3) ದೋಷ ದಾಖಲೆಯನ್ನು ಚಾಲನೆಗೊಳಿಸಿ, ಸಂದೇಶಗಳು ಪರದೆಯ ಮೇಲೆ ಬಾರದೆ ಕಡತದಲ್ಲಿ ಮಾತ್ರ ಬರೆಯಲ್ಪಡುವಂತೆ ಮಾಡುವುದು. ಪರದೆಯ ಮೇಲೆ ಬರುವ ಸಂದೇಶವು ಸರ್ವರ್‌ನ ಒಳಗುಟ್ಟನ್ನು ಹೊರಗಿನವರಿಗೆ ತಿಳಿಸುತ್ತದೆ.

4) ಪ್ರಾಯೋಗಿಕ ಪ್ರತಿಯೊಂದರಲ್ಲಿ ಎಲ್ಲ ಪ್ಲಗಿನ್‌ಗಳನ್ನು ನಿಲ್ಲಿಸಿ, ಮೂಲ ಥೀಮ್‌ಗೆ ಬದಲಿಸಿ, ಒಂದೊಂದನ್ನೇ ಮತ್ತೆ ಚಾಲನೆಗೊಳಿಸುವುದು. ಯಾವುದನ್ನು ಚಾಲನೆಗೊಳಿಸಿದಾಗ ದೋಷ ಮರುಕಳಿಸುತ್ತದೆಯೋ ಅದೇ ಕಾರಣ.

ಈ ಪರೀಕ್ಷೆಯನ್ನು ನೇರವಾಗಿ ನಿಜ ತಾಣದಲ್ಲಿ ಮಾಡತಕ್ಕದ್ದಲ್ಲ. ಜಾಲದ ಮಟ್ಟದಲ್ಲಿ ಒಂದು ಪ್ಲಗಿನ್ ನಿಲ್ಲಿಸಿದರೆ ಒಂದು ಪಂಚಾಯಿತಿಯಲ್ಲಲ್ಲ, ಎಲ್ಲ ಪಂಚಾಯಿತಿಗಳಲ್ಲೂ ಅದು ನಿಲ್ಲುತ್ತದೆ.

4. ಮಾರ್ಪಾಡು ಮಾಡುವ ಸರಿಯಾದ ವಿಧಾನ

ಪ್ಲಗಿನ್‌ನ ಮೂಲ ಕಡತಗಳನ್ನು ತಿದ್ದಬಾರದು ಎಂಬುದು ಮೊದಲ ನಿಯಮ. ಮುಂದಿನ ನವೀಕರಣದಲ್ಲಿ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕೆ ಹೆದರಿ ನವೀಕರಣವನ್ನೇ ನಿಲ್ಲಿಸಿದರೆ ಭದ್ರತೆಯ ಬಾಗಿಲು ತೆರೆದಿಟ್ಟಂತಾಗುತ್ತದೆ. ಪುಟಗಳ ರೂಪ ಬದಲಿಸಲು ಚೈಲ್ಡ್ ಥೀಮ್ ರಚಿಸಿ, ಅದರೊಳಗೆ ಬಡ್ಡಿಪ್ರೆಸ್ ಹೆಸರಿನ ಕೋಶದಲ್ಲಿ ಬದಲಾದ ಪುಟಗಳನ್ನು ಇಡಬೇಕು. ವರ್ತನೆ ಬದಲಿಸುವ ಸಂಕೇತಗಳನ್ನು ಪ್ಲಗಿನ್‌ಗಳ ಕೋಶದಲ್ಲಿ ಬಿಪಿ-ಕಸ್ಟಮ್ ಎಂಬ ಪ್ರತ್ಯೇಕ ಕಡತದಲ್ಲಿ ಬರೆಯಬೇಕು. ಕನ್ನಡ ಪದಗಳ ಬದಲಾವಣೆಯನ್ನು ಭಾಷಾ ಕಡತದ ಮೂಲಕವೇ ಮಾಡಬೇಕು.

ಯಾವ ಮಾರ್ಪಾಡು ಬೇಕು ಎಂಬುದು ಮಾತ್ರ ತಾಂತ್ರಿಕ ಪ್ರಶ್ನೆಯಲ್ಲ. ಅದು ಪಂಚಾಯಿತಿ ಸಭೆಯ ನಿರ್ಣಯಕ್ಕೆ ಸೇರಿದ ವಿಷಯ. ಸ್ನೇಹ ಸಂಪರ್ಕ ಮತ್ತು ಖಾಸಗಿ ಸಂದೇಶದ ಘಟಕಗಳು ಪಂಚಾಯಿತಿ ತಾಣಕ್ಕೆ ಅಗತ್ಯವಿದೆಯೇ? ಅಗತ್ಯವಿಲ್ಲವೆಂದಾದರೆ ಅವನ್ನು ನಿಲ್ಲಿಸಿದಷ್ಟೂ ಮೇಲ್ವಿಚಾರಣೆಯ ಹೊರೆ ತಗ್ಗುತ್ತದೆ. ಪರಿಚಯ ಪುಟದ ಪ್ರತಿ ಅಂಕಣಕ್ಕೂ 'ಎಲ್ಲರಿಗೂ', 'ಸದಸ್ಯರಿಗೆ ಮಾತ್ರ', 'ನನಗೆ ಮಾತ್ರ' ಎಂಬಂತಹ ಗೋಚರತೆಯ ಆಯ್ಕೆಗಳಿವೆ. ದೂರವಾಣಿ ಸಂಖ್ಯೆಯ ಅಂಕಣವಿದ್ದರೆ ಅದು 'ನನಗೆ ಮಾತ್ರ' ಎಂದಿರತಕ್ಕದ್ದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಇಂತಹ ತಾಣದಲ್ಲಿ ಕೇಳಲೇಬಾರದು.

ಗುಂಪುಗಳಲ್ಲಿ ಸಾರ್ವಜನಿಕ, ಖಾಸಗಿ ಮತ್ತು ಗುಪ್ತ ಎಂಬ ಮೂರು ಬಗೆಗಳಿವೆ. ಖಾಸಗಿ ಗುಂಪಿನ ಹೆಸರು ಎಲ್ಲರಿಗೂ ಕಂಡರೂ ಒಳಗಿನ ವಿಷಯ ಕಾಣುವುದಿಲ್ಲ. ಗುಪ್ತ ಗುಂಪು ಪಟ್ಟಿಯಲ್ಲೇ ಕಾಣುವುದಿಲ್ಲ. ಗ್ರಾಮ ಸಭೆ, ವಾರ್ಡ್ ಸಭೆ, ಕಾಮಗಾರಿಗಳ ವಿಷಯ ಸಾರ್ವಜನಿಕ ಗುಂಪಿನಲ್ಲೇ ಇರಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೆಯ ಪ್ರಕರಣವು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರಗಳ ಮೇಲೆ ಹೊರಿಸಿದೆ. ಅದನ್ನು ಖಾಸಗಿ ಗುಂಪಿನೊಳಗೆ ಇಟ್ಟರೆ ಪ್ರಕಟಿಸಿದಂತಾಗುವುದಿಲ್ಲ. ವ್ಯಕ್ತಿಯೊಬ್ಬರ ಅನಾರೋಗ್ಯ ಅಥವಾ ಕುಟುಂಬದ ಕಲಹಕ್ಕೆ ಸಂಬಂಧಿಸಿದ ಅಹವಾಲು ಸಾರ್ವಜನಿಕ ಗುಂಪಿನಲ್ಲಿ ಬಂದರೆ ಅದನ್ನು ಕೂಡಲೇ ತೆಗೆದು, ಅರ್ಜಿದಾರರಿಗೆ ಕಚೇರಿಯ ದಾರಿ ತೋರಿಸಬೇಕು.

5. ಖಾತೆಗಳ ಹಸ್ತಾಂತರ

ಅಧಿಕಾರಿ ವರ್ಗಾವಣೆಯಾದಾಗ ಅಥವಾ ಅಧ್ಯಕ್ಷರ ಅವಧಿ ಮುಗಿದಾಗ ಅವರ ಖಾತೆಯನ್ನು ಅವಸರದಲ್ಲಿ ಜಾಲದಿಂದ ಅಳಿಸಬಾರದು. ಒಂದು ತಾಣದಿಂದ ತೆಗೆಯುವುದು ಬೇರೆ, ಇಡೀ ಜಾಲದಿಂದ ಅಳಿಸುವುದು ಬೇರೆ. ಎರಡನೆಯದರಲ್ಲಿ ಅವರ ಹೆಸರಿನಲ್ಲಿದ್ದ ಪ್ರಕಟಣೆಗಳೂ ಚಟುವಟಿಕೆಗಳೂ ಅಳಿದುಹೋಗುವ ಅಪಾಯವಿದೆ. ಆದುದರಿಂದ ಹುದ್ದೆಯ ಅಧಿಕಾರವನ್ನು ಹಿಂಪಡೆದು ಖಾತೆಯನ್ನು ಉಳಿಸಿಕೊಳ್ಳುವುದು ಕ್ಷೇಮ. ಮಹಾ ನಿರ್ವಾಹಕರ ಪಾಸ್‌ವರ್ಡ್ ಹೊರಗುತ್ತಿಗೆಯ ಒಬ್ಬರೇ ವ್ಯಕ್ತಿಯ ಬಳಿ ಇರಬಾರದು. ಜಾಲತಾಣದ ವಿಳಾಸದ ನವೀಕರಣ ದಿನಾಂಕವು ಕಚೇರಿಯ ದಾಖಲೆಯಲ್ಲಿ ಇರಬೇಕು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1) ನಮ್ಮ ತಾಣದ ಕೊನೆಯ ಬ್ಯಾಕಪ್ ಯಾವಾಗ ತೆಗೆಯಲಾಯಿತು? ಅದರಿಂದ ತಾಣವನ್ನು ಪುನಃಸ್ಥಾಪಿಸಿ ನೋಡಲಾಗಿದೆಯೇ?
2) ಹುಡುಕಾಟ ಯಂತ್ರಗಳಿಗೆ ಸಂಬಂಧಿಸಿದ ಗುರುತನ್ನು ತೆಗೆಯಲಾಗಿದೆಯೇ?
3) ಲಾಗಿನ್ ಆಗದೆಯೇ ಸಾಮಾನ್ಯ ಗ್ರಾಮಸ್ಥರ ಮೊಬೈಲ್‌ನಲ್ಲಿ ಗ್ರಾಮ ಸಭೆಯ ಸೂಚನೆ ಕಾಣುತ್ತದೆಯೇ?
4) ದೃಢೀಕರಣಕ್ಕಾಗಿ ಕಾಯುತ್ತಿರುವ ನೋಂದಣಿಗಳು ಎಷ್ಟು?
5) ಯಾರ ದೂರವಾಣಿ ಸಂಖ್ಯೆಯಾದರೂ ಸಾರ್ವಜನಿಕವಾಗಿ ಕಾಣುತ್ತಿದೆಯೇ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಕಚೇರಿಯ ಗಣಕಯಂತ್ರದಲ್ಲಿ ನೋಡಿದರೆ ಸಾಲದು. ಅಲ್ಲಿ ನಿರ್ವಾಹಕರು ಲಾಗಿನ್ ಆಗಿಯೇ ಇರುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ಸದಸ್ಯರು ತಮ್ಮ ವಾರ್ಡಿನ ಒಬ್ಬರ ಮೊಬೈಲ್‌ನಲ್ಲಿ ತೆರೆದು ನೋಡುವುದೇ ನಿಜವಾದ ಪರೀಕ್ಷೆ. ಮೊಬೈಲ್ ಇಲ್ಲದ ಮನೆಗಳೂ ಪ್ರತಿ ವಾರ್ಡಿನಲ್ಲಿವೆ ಎಂಬುದನ್ನು ಮರೆಯಬಾರದು. ತಾಣ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಸೂಚನಾ ಫಲಕ ಮತ್ತು ಡಂಗುರ ಮುಂದುವರಿಯತಕ್ಕದ್ದು. ಸೂಚನೆಯನ್ನು ಪ್ರಕಟಿಸಿದ್ದರ ದಾಖಲೆಗಿಂತ, ಅದು ಜನರಿಗೆ ತಲುಪಿತೆಂಬ ಖಾತರಿಯೇ ಪಂಚಾಯಿತಿಗೆ ಮುಖ್ಯ.